ಮಂಗಾ, ಮೂರು ಸಲ

ತೋರಣಗಲ್ಲಿನ ಕ್ಯಾಂಟೀನು, ಎರಡನೇ ಪಾಳಿ ಮುಗಿದ ಹೊತ್ತು.
ವಾಲ್ದೆಮೀರ್ ತನ್ನ ಫೋನನ್ನು ಸ್ಟೀಲಿನ ಲೋಟದೊಳಗೆ ನಿಲ್ಲಿಸಿದ;
ಲೋಟವೇ ಸ್ಪೀಕರು.
ಬ್ರೆಜಿಲ್ಲಿನ ಯಾವುದೋ ಅದಿರಿನೂರಿನವನು,
ಪೆಲೆಟ್ ಪ್ಲಾಂಟು ಕೂಡಿಸಲು ಬಂದವನು,
ಹುಬ್ಬಿನ ಮೇಲೆ ಈಗ ನಮ್ಮದೇ ಕೆಂಪು ಧೂಳು.
ಅಕಾರ್ಡಿಯನ್ನು ಕೆಮ್ಮಿತು, ಹಾಡು ಶುರುವಾಯಿತು,
ಎರಡು ಸಾಲಾಗುವುದರೊಳಗೆ ಅವನು
ಮೇಜು ಗುದ್ದಿ ಗುದ್ದಿ ನಗತೊಡಗಿದ.

ಗುರುತಿಲ್ಲದವರ ಮದುವೆ ಪಂಕ್ತಿಯಲ್ಲಿ ಕೂತವರಂತೆ
ನಾವು ಏಳು ಮಂದಿ ಅವನ ಬಾಯಿ ನೋಡಿದೆವು.
"ಏನದು ಮೇಸ್ತ್ರಿ?" ಅಂದ ನಬಿಸಾಬ.
ಮೇಸ್ತ್ರಿ ಅಂದದ್ದು ಅವನಿಗೆ ತಿಳಿಯಿತು. ಅವರದೇ ಮಾತಂತೆ.
ಪಗಾರವೂ ಅವರಲ್ಲಿಂದಲೇ ಬಂದ ಮಾತಂತೆ.
ಬರೀ ಮಾತು ಬಂದಿದೆ, ಈ ತಿಂಗಳದ್ದು ಬಂದಿಲ್ಲ.

ಅವನ ಇಂಗ್ಲಿಷು, ನನ್ನ ಇಂಗ್ಲಿಷು ಕೂಡಿಸಿದರೆ
ಒಂದು ಕುಂಟ ಕುರ್ಚಿ. ಅದರ ಮೇಲೆ ಹಾಡನ್ನು ಕೂರಿಸಿದೆವು:
ಒಬ್ಬ ಸಿಂಪಿಗ, ಅಳತೆಗೆ ನಿಂತ ಹುಡುಗಿ,
ಅಡಿಗೆಮನೆಯಲ್ಲಿ ಕಿವಿ ಇಟ್ಟಿರುವ ಅವಳ ಅವ್ವ.
ಸಿಂಪಿಗ ಅಂತಾನೆ: ಮಂಗಾ ಬಿಗಿಯಾಗ್ಯಾವೇನು, ಮುಟ್ಟಿ ನೋಡಲಾ?
ಅವರ ಭಾಷೆಯಲ್ಲಿ ಮಂಗಾ ಅಂದರೆ ಅಂಗಿಯ ತೋಳು.
ಮಾವಿನ ಹಣ್ಣೂ ಮಂಗಾ.
ಅವ್ವನಿಗೆ ತೋಳು ಕೇಳಿಸುತ್ತದೆ.
ಹುಡುಗಿಗೆ ಹಣ್ಣು.

ಬಿಡಿಸಿ ಹೇಳಿದ ಮೇಲೆ ಯಾರೂ ನಗಲಿಲ್ಲ.
ಬಿಚ್ಚಿಟ್ಟ ಗಡಿಯಾರದ ಹಾಗೆ ಬಿದ್ದಿತ್ತು ನಗೆ,
ಗಾಲಿಗಳೆಲ್ಲ ಇದ್ದವು, ಟಿಕ್ ಇರಲಿಲ್ಲ.

ತಟ್ಟೆ ತೊಳೆಯುವ ಹೊನ್ನೂರಮ್ಮ ಮಾತ್ರ
ಸೆರಗು ಬಾಯಿಗೊತ್ತಿ ಕುಲುಕುತ್ತಿದ್ದಳು.
"ನಿನಗೇನು ತಿಳೀತವ್ವಾ?"
"ಮಂಗ ಅಂದನಲ್ಲಪ್ಪಾ."
ಆಮೇಲೆ, ತಟ್ಟೆ ಜೋಡಿಸುತ್ತ:
"ಅಲ್ದೆ, ಆ ಮಾತಿಗೆ ಮುಂಚೆ ಉಸಿರು ಹಿಡಿದ ನೋಡು.
ಉಸಿರು ಹಿಡಿದನಂದ್ರೆ ಯಾವ ಗಂಡಸೂ
ಅಂಗಿ ವಿಚಾರ ಮಾತಾಡ್ತಿರಲ್ಲ."

ನನ್ನಪ್ಪ ಕಂಪ್ಲಿಯ ತಗಡಿನ ಥಿಯೇಟರಿನಲ್ಲಿ ಹಾಸ್ಯಪಾತ್ರ.
ಒಮ್ಮೆ ಮುಂದಿನ ಸಾಲಿನಿಂದ ಫೌಜದಾರರು ಎದ್ದರು:
ಹೆಣ್ಣುಮಕ್ಕಳು ಕೂತಾರೆ, ಇದೆಂಥ ಹಾಡು?
ಅಪ್ಪ ಟೊಪ್ಪಿಗೆ ತೆಗೆದು ಬಾಗಿದ:
"ಸಾಹೇಬ್ರೆ, ನಾ ತಂದಿದ್ದು ಒಂದೇ ಅರ್ಥ.
ಇನ್ನೊಂದು ತಮ್ಮ ಜೇಬಿನಾಗಿತ್ತು."
ಹೆಣ್ಣುಮಕ್ಕಳೇ ಮೊದಲು ನಕ್ಕದ್ದು.
ಮನೆಯಲ್ಲಿ ಅಪ್ಪ ಒಂದರ್ಥದ ಮನುಷ್ಯ;
ಉಪ್ಪು ಕಡಿಮೆ ಅಂದರೆ ಉಪ್ಪು ಕಡಿಮೆ.

ಹೊನ್ನೂರಮ್ಮ ಕೈ ಒರೆಸಿಕೊಂಡು, ಯಾರೂ ಕೇಳದೆಯೇ,
ಬೀಗರಿಗೆ ಹಾಡುವ ದನಿ ತೆಗೆದಳು:
ಮಾವ ಕಾಯೋ ಗಿಡದಾಗ
ಮಾವು ಕಾಯಿ ಬಿಟ್ಟಾವ,
ಒತ್ತಿ ನೋಡಬ್ಯಾಡೋ ಅಳಿಯ,
(ಇಲ್ಲಿ ಅವಳು ಉಸಿರು ಹಿಡಿದಳು)
ಹಣ್ಣಾಗಲಿ ತಡಿ.
ನಾನಿನ್ನೂ ಕುಂಟ ಕುರ್ಚಿ ಎಳೆದಿರಲಿಲ್ಲ,
ವಾಲ್ದೆಮೀರ್ ಆಗಲೇ ಮೇಜು ಗುದ್ದುತ್ತಿದ್ದ.

ಆ ಭಾನುವಾರ ಆನೆಗೊಂದಿಗೆ ಹೋದೆವು.
ಕೋತಿಗಳಿಗೆ ಅಂಜಿ ಅವನು ಮಾವಿನ ಹಣ್ಣನ್ನು
ಉದ್ದ ತೋಳಿನೊಳಗೆ ಬಚ್ಚಿಟ್ಟುಕೊಂಡಿದ್ದ.
ಬಂಡೆ ಮೇಲಿಂದ ಒಂದು ಇಳಿಯಿತು, ಅವಸರವಿಲ್ಲದೆ,
ಸಾಲಗಾರನ ಮನೆಗೆ ಬಂದವರ ಹಾಗೆ.
ಒಂದೇ ಎಳೆತ.
ಮಂಗ, ಮಂಗಾದೊಳಗಿನ ಮಂಗಾ ಒಯ್ದಿತ್ತು.
ಇದನ್ನು ಹೇಳೋಣವೆಂದರೆ ಅಪ್ಪ ಇಲ್ಲ.

ಸೋಮವಾರ ಟೇಲರ್ ಕುಬೇರಪ್ಪನ ಅಂಗಡಿ.
ವಾಲ್ದೆಮೀರ್ ಹರಿದ ತೋಳನ್ನು ಮುಂದೆ ಚಾಚಿ
ತನ್ನ ಭಾಷೆಯಲ್ಲಿ ಅದರ ಹೆಸರು ಹೇಳಿದ: "ಮಂಗಾ."
ಕುಬೇರಪ್ಪ ಕನ್ನಡಕ ಏರಿಸಿ, ಬಟ್ಟೆ ತಿರುವಿ ನೋಡಿದ.
"ಹೌದ್ರೀ, ಮಂಗಾನೇ. ಉಗುರಿನ ಗುರುತು ಐತೆ ನೋಡ್ರಿ."

ನಾನು ಬಿಡಿಸಿ ಹೇಳಲಿಲ್ಲ.